ತಂತ್ರಾಂಶವನ್ನು ಕೊಳ್ಳುವ ಮುನ್ನ

ಅಂಗಡಿಯನ್ನಾಗಲಿ ಸಣ್ಣ ಕಾರ್ಖಾನೆಯನ್ನಾಗಲಿ ನಡೆಯಿಸುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರುವರು. ಅವರ ಹಿರಿಯರಿಗೆ ರೋಜುಪುಸ್ತಕವೂ ಖಾತೆಪುಸ್ತಕವೂ ಸಾಕಾಗಿದ್ದುವು. 2017ನೆಯ ಇಸವಿ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಮೇಲೆ, ತೆರಿಗೆಯ ಲೆಕ್ಕವನ್ನು ಗಣಕಯಂತ್ರದ ಮೂಲಕವೇ ಸರ್ಕಾರಕ್ಕೆ ಒಪ್ಪಿಸಬೇಕಾಗಿದೆ. ಆದುದರಿಂದ ಮಾರಾಟ, ದಾಸ್ತಾನು, ಬಾಕಿ, ಸಂಬಳ ಇವೆಲ್ಲವನ್ನೂ ಒಂದೆಡೆ ನೋಡಿಕೊಳ್ಳುವ ತಂತ್ರಾಂಶವನ್ನು, ಎಂದರೆ ಸಾಫ್ಟ್‌ವೇರನ್ನು, ಅನೇಕರು ಕೊಳ್ಳುತ್ತಿರುವರು. ಆದರೆ ಕೊಂಡ ಮಾತ್ರದಿಂದಲೇ ವ್ಯವಸ್ಥೆಯು ತಾನಾಗಿ ಉಂಟಾಗುವುದೆಂಬುದು ಭ್ರಾಂತಿ. ಕನ್ನಡಿಯನ್ನು ಕೊಂಡವನು ಮುಖವನ್ನು ತಾನೇ ತೊಳೆದುಕೊಳ್ಳಬೇಕಷ್ಟೆ.

ಇದಕ್ಕೆ ದೊಡ್ಡವರ ದೃಷ್ಟಾಂತಗಳೇ ಉಂಟು. ಅಮೆರಿಕೆಯ ಹರ್ಷೀ ಎಂಬ ಪ್ರಸಿದ್ಧ ಚಾಕೊಲೇಟ್ ಸಂಸ್ಥೆಯು ಸುಮಾರು 11 ಕೋಟಿ 20 ಲಕ್ಷ ಡಾಲರುಗಳ ವೆಚ್ಚದಲ್ಲಿ ಸ್ಯಾಪ್ ಮೊದಲಾದ ಮೂರು ತಂತ್ರಾಂಶಗಳನ್ನು ಅಳವಡಿಸತೊಡಗಿತು. ನಾಲ್ಕು ವರ್ಷಗಳ ಕೆಲಸವನ್ನು 30 ತಿಂಗಳಿಗೆ ಇಳಿಸಿ, 1999ರ ಜುಲೈಯಲ್ಲಿ, ಹಬ್ಬದ ಬೇಡಿಕೆಗಳು ಬರತೊಡಗಿದ ಸಮಯದಲ್ಲಿಯೇ, ಬಹುಭಾಗವನ್ನು ಒಮ್ಮೆಗೇ ಚಾಲನೆಗೆ ತಂದಿತು. ಫಲವೇನು? ಮಿಠಾಯಿಯು ಉಗ್ರಾಣದಲ್ಲಿದ್ದರೂ ಅಂಗಡಿಗಳಿಗೆ ತಲುಪಲಿಲ್ಲ. ಸುಮಾರು 10 ಕೋಟಿ ಡಾಲರುಗಳ ಬೇಡಿಕೆಯು ಪೂರೈಸದೆ ಉಳಿಯಿತು. ಅದೇ ಸಂಸ್ಥೆಯು 2002ರಲ್ಲಿ ಸ್ಯಾಪಿನ ಹೊಸ ಆವೃತ್ತಿಯನ್ನು ಚೆನ್ನಾಗಿ ಪರೀಕ್ಷಿಸಿ ಸುಸೂತ್ರವಾಗಿ ಅಳವಡಿಸಿತು. ಮೊದಲಿನ ದೋಷವು ಸಾಧನದಲ್ಲಿ ಅಲ್ಲ, ತ್ವರೆಯಲ್ಲಿ ಇದ್ದಿತು.

ಜರ್ಮನಿಯ ಲಿಡ್ಲ್ ಎಂಬ ಅಂಗಡಿಗಳ ಸಂಸ್ಥೆಯು ದಾಸ್ತಾನನ್ನು ಕೊಂಡ ದರದಲ್ಲಿ ಎಣಿಸುತ್ತಿದ್ದಿತು; ಅದು ಆರಿಸಿದ ತಂತ್ರಾಂಶವಾದರೋ ಮಾರುವ ದರದಲ್ಲಿ ಎಣಿಸುವಂಥದು. ತನ್ನ ರೂಢಿಯನ್ನು ಬಿಡದೆ ತಂತ್ರಾಂಶವನ್ನೇ ತಿದ್ದುತ್ತ ಹೋಗಿ, ಏಳು ವರ್ಷಗಳೂ ಸುಮಾರು 50 ಕೋಟಿ ಯೂರೋಗಳೂ ವ್ಯಯವಾದಮೇಲೆ, 2018ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟಿತು.

ನಮ್ಮ ಬೆಂಗಳೂರಿನ ಟ್ಯಾಲಿ ಹುಟ್ಟಿದ ರೀತಿಯು ಇದಕ್ಕೆ ವಿಪರೀತವಾದುದು. ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯಾಪಾರಕ್ಕೆ ತಕ್ಕ ತಂತ್ರಾಂಶವು ದೊರೆಯದಿರಲು, ಮಗನಾದ ಭರತ ಗೋಯೆಂಕಾ ಅವರಿಂದ 1980ರ ದಶಕದಲ್ಲಿ ಅದನ್ನು ಬರೆಯಿಸಿದರು. ಅಲ್ಲಿ ಅಗತ್ಯವು ಮೊದಲು, ಸಾಧನವು ಆಮೇಲೆ.

ಆದುದರಿಂದ ಮೊದಲು ನಿಮ್ಮ ಕೆಲಸದ ಕ್ರಮವನ್ನು ಕಾಗದದ ಮೇಲೆ ಬರೆಯಿರಿ. ಮಾರುವವನು ತೋರಿಸುವ ಮಾದರಿಯನ್ನು ನೋಡಿ ಮರುಳಾಗದೆ, ನಿಮ್ಮದೇ ಒಂದು ತಿಂಗಳ ಲೆಕ್ಕವನ್ನು ಅದರಲ್ಲಿ ಹಾಕಿಸಿ ನೋಡಿರಿ. ಮುಂದೆ ಬೇರೊಂದಕ್ಕೆ ಹೋಗಬೇಕಾದರೆ ನಿಮ್ಮ ಲೆಕ್ಕವು ಪೂರ್ತಿಯಾಗಿ ನಿಮ್ಮ ಕೈಗೆ ಬರುವುದೇ ಎಂದು ಕೇಳಿರಿ. ಆರಂಭಕ್ಕೆ ಮೊದಲು ದಾಸ್ತಾನನ್ನು ಎಣಿಸಿ, ಬಾಕಿಗಳನ್ನು ತಾಳೆನೋಡಿರಿ. ತಪ್ಪು ಲೆಕ್ಕವನ್ನು ಒಳಗಿಟ್ಟರೆ ಯಂತ್ರವು ತಪ್ಪನ್ನೇ ಬೇಗನೆ ಹೊರಗಿಡುವುದು. ದೀಪಾವಳಿಯ ವ್ಯಾಪಾರದ ನಡುವೆ ಬದಲಾವಣೆಯು ಬೇಡ. ಏಪ್ರಿಲ್ 1 ಪ್ರಶಸ್ತವಾದ ದಿನ. ಕೆಲವು ವಾರ ಹಳೆಯ ಪುಸ್ತಕವೂ ಹೊಸ ತಂತ್ರಾಂಶವೂ ಜೊತೆಯಾಗಿ ನಡೆಯಲಿ.

ಎಲ್ಲಕ್ಕಿಂತ ಮುಖ್ಯವಾದುದು ಮನುಷ್ಯರ ವಿಚಾರ. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತನಿಗೆ, ತನ್ನ ಅನ್ನಕ್ಕೆ ಸಂಚಕಾರ ಬಂದಿತೆಂಬ ಭೀತಿ ಹುಟ್ಟುವುದು ಸಹಜ. ಆತನನ್ನು ಆಯ್ಕೆಯ ಸಮಯದಲ್ಲಿಯೇ ಜೊತೆಗೆ ಕೂಡಿಸಿಕೊಂಡು, ಕಲಿಯುವುದಕ್ಕೆ ಕಾಲವನ್ನು ಕೊಡಬೇಕು. ಯಾವ ಗಿರಾಕಿ ನಂಬತಕ್ಕವನು, ಯಾವ ಸರಕು ಮಳೆಗಾಲದಲ್ಲಿ ಕೆಡುವುದು ಎಂಬುದು ಆತನಿಗೆ ಗೊತ್ತು. ಯಾರಾದರೂ ಹೇಳದ ಹೊರತು ಯಂತ್ರಕ್ಕೆ ಗೊತ್ತಾಗದು. ಯಜಮಾನನು ತಾನೂ ಕಲಿತು, ದಿನವೂ ಲೆಕ್ಕವನ್ನು ನೋಡುವ ಅಂಗಡಿಯಲ್ಲಿ ಮಾತ್ರ ಕೊಂಡ ತಂತ್ರಾಂಶವು ಸಾರ್ಥಕವಾಗುವುದು.