ಇಂಜಿನ್ ಭಾಗಕ್ಕೆ ಮನೆಯಲ್ಲೇ ಸೆರಾಮಿಕ್ ಕೋಟಿಂಗ್: ನಾನು ಮಾಡಿದ ಎರಡು ತಪ್ಪು

(ಈ ವಾರದ ಪಾಡ್‌ಕಾಸ್ಟ್‌ನ ಲಿಖಿತ ರೂಪ)

ಅಮೃತಹಳ್ಳಿಯ ನಮ್ಮ ಮನೆ ತಾರಸಿಯಿಂದ ಮಾತಾಡ್ತಿದ್ದೀನಿ. ಎದುರಿಗೆ ಅಪ್ಪನ ಹಳೇ ಮಾರುತಿ 800ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ಇಂಜಿನ್‌ನಿಂದ ಸುಡುಹೊಗೆ ಮೊದಲು ಬರೋದೇ ಇದರೊಳಕ್ಕೆ. ಎರಡು ವರ್ಷದ ಹಿಂದೆ ಇದಕ್ಕೆ ನಾನೇ ಸೆರಾಮಿಕ್ ಕೋಟಿಂಗ್ ಮಾಡಿದ್ದೆ. ಹದಿನೈದೇ ದಿನಕ್ಕೆ ಹಪ್ಪಳದ ಥರ ಎದ್ದು ಬಂತು. ಯಾಕೆ ಅಂತ ಇವತ್ತು ಹೇಳ್ತೀನಿ.

ಕೋಟಿಂಗ್ ಯಾಕೆ ಬೇಕು? ಪೆಟ್ರೋಲ್ ಇಂಜಿನ್ ಮೇಲೆ ಪೂರ್ತಿ ಭಾರ ಬಿದ್ದಾಗ ಹೊಗೆಯ ಬಿಸಿ 800 ಡಿಗ್ರಿ ದಾಟಬಹುದು. ಮಾಮೂಲಿ ಪೇಂಟ್ ಅಲ್ಲಿ ಉಳಿಯಲ್ಲ, ಆಮೇಲೆ ತುಕ್ಕು ಶುರು. ಹಾಗಂತ ಜಾಸ್ತಿ ನಿರೀಕ್ಷೆ ಬೇಡ. ಜೆಟ್ ಇಂಜಿನ್ ಬ್ಲೇಡ್‌ಗಳ ಮೇಲೆ ಇರೋದು ಜಿರ್ಕೋನಿಯಾ ಸೆರಾಮಿಕ್‌ನ ಪದರ. ಅದನ್ನು ವಿಶೇಷ ಯಂತ್ರಗಳಲ್ಲೇ ಕೂರಿಸಬೇಕು; ಅದು ಶಾಖವನ್ನೇ ತಡೆಯುತ್ತೆ. ನಮಗೆ ಸಿಗೋ ಸ್ಪ್ರೇ ಡಬ್ಬಿಯಲ್ಲಿ ಇರೋದು ಬಿಸಿ ತಾಳುವ ಪೇಂಟ್. ತುಕ್ಕು ತಡೆಯೋದೇ ಅದರ ಮುಖ್ಯ ಕೆಲಸ. ಬಾನೆಟ್ ಒಳಗಿನ ಕಾವು ಅದರಿಂದ ಅಷ್ಟೇನೂ ಇಳಿಯಲ್ಲ.

ಮೊದಲ ತಪ್ಪು: ತಂತಿ ಬ್ರಷ್‌ನಲ್ಲಿ ಉಜ್ಜಿ ನೇರ ಪೇಂಟ್ ಹೊಡೆದೆ. ಎರಕದ ಕಬ್ಬಿಣದ ಸಣ್ಣ ರಂಧ್ರಗಳಲ್ಲಿ ಹಳೇ ಎಣ್ಣೆ ಇತ್ತು. ಬಿಸಿ ಆದಾಗ ಅದು ಹೊರಗೆ ಬಂದು ಪದರವನ್ನು ಎತ್ತಿತು. ಈ ಸಲ ವರ್ಕ್‌ಶಾಪ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಬ್ಲಾಸ್ಟಿಂಗ್ ಮಾಡಿಸಿದೆ. ಮಾಮೂಲಿ ಮರಳು ಬೇಡವೇ ಬೇಡ, ಅದರ ಧೂಳಿಂದ ಸಿಲಿಕೋಸಿಸ್ ಬರುತ್ತೆ. ಆಮೇಲೆ ಒಮ್ಮೆ ಬಿಸಿ ಮಾಡಿ ಎಣ್ಣೆ ಹೊರಡಿಸಿ, ಅಸಿಟೋನ್‌ನಲ್ಲಿ ಒರೆಸಿದೆ. ಅಲ್ಲಿಂದಾಚೆ ಬರಿಗೈಲಿ ಮುಟ್ಟಲಿಲ್ಲ. ಪೇಂಟ್ ತೆಳ್ಳಗೆ, ಎರಡು ಮೂರು ಸಲ.

ಎರಡನೇ ತಪ್ಪು ಹೇಳೋಕೆ ಈಗಲೂ ನಾಚಿಕೆ. ಈ ಪೇಂಟ್ ಬರೀ ಒಣಗಿದ್ರೆ ಸಾಲದು, ಬೇಯಬೇಕು. ನನ್ನ ಡಬ್ಬಿ ಮೇಲೆ ಇದ್ದಿದ್ದು: ಸುಮಾರು 120, ಆಮೇಲೆ 200, ಕೊನೆಗೆ 315 ಡಿಗ್ರಿ, ಪ್ರತಿ ಹಂತ ಅರ್ಧ ಗಂಟೆ, ನಡುವೆ ಆರಿಸಬೇಕು. ನಾನು ಅಡುಗೆಮನೆ ಓವನ್‌ನಲ್ಲಿ ಇಟ್ಟೆ. ಅದು 250 ದಾಟಲ್ಲ, ಹಾಗಾಗಿ ಕೊನೆ ಹಂತ ಆಗಲೇ ಇಲ್ಲ. ಆದ್ರೆ ಮನೆ ತುಂಬ ಹೊಗೆ. ಅಪ್ಪನಿಗೆ ಮೊದಲೇ ಉಬ್ಬಸ. ರಾತ್ರಿಯೆಲ್ಲ ನೆಬ್ಯುಲೈಸರ್ ಹಿಡಿದು ಕೂತಿದ್ವಿ. ಆ ಓವನ್‌ನಲ್ಲಿ ಅಮ್ಮ ಮತ್ತೆ ಏನೂ ಬೇಯಿಸಲಿಲ್ಲ.

ಈ ಸಲ ಮ್ಯಾನಿಫೋಲ್ಡ್‌ನ ಕಾರಿಗೆ ಕೂರಿಸಿ, ಬಯಲಲ್ಲಿ ನಿಲ್ಲಿಸಿ, ಇಂಜಿನ್ ಬಿಸಿಯಲ್ಲೇ ಬೇಯಿಸ್ತೀನಿ. ಡಬ್ಬಿ ಮೇಲೆ ಅದಕ್ಕೂ ಕ್ರಮ ಕೊಟ್ಟಿದ್ದಾರೆ: ಸ್ವಲ್ಪ ಹೊತ್ತು ಐಡಲ್, ಪೂರ್ತಿ ಆರೋವರೆಗೆ ಬಿಡೋದು, ಮತ್ತೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಮುಚ್ಚಿದ ಗ್ಯಾರೇಜಲ್ಲಿ ಇದನ್ನ ಮಾಡಲೇಬೇಡಿ, ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತೆ. ಸ್ಪ್ರೇ ಮಾಡುವಾಗ ಬಟ್ಟೆ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯೋ ಕಾರ್ಟ್ರಿಜ್ ಮಾಸ್ಕ್ ಹಾಕಿ. ಪಿಸ್ಟನ್, ವಾಲ್ವ್‌ಗೆ ಮನೆಯಲ್ಲಿ ಕೈ ಹಾಕ್ಬೇಡಿ. ಅಲ್ಲಿ ಪದರ ಕಿತ್ತು ಬಂದ್ರೆ ಸಿಲಿಂಡರೇ ಗೀರಿ ಹೋಗುತ್ತೆ.

ಅಪ್ಪ ಇವತ್ತು ಯಲಹಂಕದಲ್ಲಿ ಅತ್ತೆ ಮನೇಲಿದ್ದಾರೆ. "ಹೊಗೆ ಪೂರ್ತಿ ಹೋದ್ಮೇಲೆ ಫೋನ್ ಮಾಡು" ಅಂದಿದ್ದಾರೆ. ಮುಂದಿನ ವಾರ ಸಿಗೋಣ.