ದಾರಿಗೆ ತಕ್ಕ ನಕಾಶೆ

ಕಿಸೆಯೊಳಗಿನ ಫೋನು ದಾರಿಯನ್ನೆಲ್ಲ ಬಲ್ಲದೆಂದು ನಾವು ನಂಬಿರುತ್ತೇವೆ. ಆದರೆ ಜಿ.ಪಿ.ಎಸ್. ತಿಳಿಸುವುದು ನಾವು ನಿಂತಿರುವ ಸ್ಥಳವನ್ನು ಮಾತ್ರ. ಕಡಿಮೆಯೆಂದರೆ 4 ಉಪಗ್ರಹಗಳ ಸಂಕೇತಗಳಿಂದ ಯಂತ್ರವು ಅದನ್ನು ಗಣಿಸುತ್ತದೆ. ಮುಂದಿರುವುದು ರಸ್ತೆಯೋ ಪ್ರಪಾತವೋ ಎಂಬುದನ್ನು ಹೇಳತಕ್ಕದ್ದು ನಕಾಶೆ. ಆದುದರಿಂದ ಅದರ ಆಯ್ಕೆಯಲ್ಲಿ ವಿವೇಕವಿರಬೇಕು.

ವಾಹನದಲ್ಲಿ ಹೋಗುವವರಿಗೆ ರಸ್ತೆಗಳ ಜೋಡಣೆ, ಏಕಮುಖ ಸಂಚಾರ, ತಿರುವಿನ ನಿಷೇಧ ಇವುಗಳನ್ನು ಒಳಗೊಂಡ ಹೊಸ ನಕಾಶೆ ಬೇಕು. ಬೆಟ್ಟವನ್ನೇರುವವರಿಗಾದರೋ ಅಷ್ಟು ಸಾಲದು. ತೊರೆ, ಕಾಲುದಾರಿಗಳೊಡನೆ ಸಮೋನ್ನತ ರೇಖೆಗಳೂ ಇರಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರು. ಸಾಮಾನ್ಯವಾಗಿ ರೇಖೆಯಿಂದ ರೇಖೆಗೆ 20 ಮೀಟರು ಏರು. ರೇಖೆಗಳು ಒತ್ತಾಗಿದ್ದಲ್ಲಿ ಕಡಿದಾದ ಇಳಿಜಾರೆಂದು ತಿಳಿದು ಹೆಜ್ಜೆಯಿಡಬೇಕು.

ಕಾಡಿನಲ್ಲಿ ಫೋನಿನ ಸಂಪರ್ಕ ಕಡಿದರೂ ಉಪಗ್ರಹದ ಸಂಕೇತ ದೊರೆಯಬಹುದು. ನಕಾಶೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಮಾತ್ರ ತೆರೆಯ ಮೇಲೆ ಒಂಟಿ ಚುಕ್ಕೆಯಷ್ಟೇ ಉಳಿದೀತು. ಪೋಷಕರು ಮಕ್ಕಳನ್ನು ಚಾರಣಕ್ಕೆ ಕಳುಹಿಸುವ ಮುನ್ನ ಇದನ್ನು ವಿಚಾರಿಸುವುದು ಲೇಸು. ಬ್ಯಾಟರಿ ತೀರಿದಾಗ ಕೈಹಿಡಿಯುವುದು ಕಾಗದದ ಪ್ರತಿಯೇ.

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ರಚಿಸುತ್ತಿರುವ ಉಚಿತ ನಕಾಶೆ. ಅದರಲ್ಲಿ ಒಂದು ಊರಿನ ಹೆಸರನ್ನು ಹಲವು ಭಾಷೆಗಳಲ್ಲಿ ದಾಖಲಿಸಬಹುದು. ಗಡಿನಾಡಿನವರಾದ ನಮಗೆ ಇದು ಸಣ್ಣ ಮಾತಲ್ಲ. ನಮ್ಮ ವಿದ್ಯಾರ್ಥಿಗಳು ತಾವು ನಡೆದು ಕಂಡ ಗುಡ್ಡ, ತೋಡು, ಕಾಲುದಾರಿಗಳನ್ನು ಹಿರಿಯರಿಂದ ಕೇಳಿದ ಕನ್ನಡ ಹೆಸರಿನೊಡನೆ ಅಲ್ಲಿ ಸೇರಿಸಲಿ. ಆದರೆ ಕಾಣದುದನ್ನು ಬರೆಯದಿರಲಿ. ಅದನ್ನು ನಂಬಿ ನಡೆಯುವವನೊಬ್ಬನಿರುತ್ತಾನೆ.