ಮೀನ, ಮೇಷ ಮತ್ತು ‘ಡಿದರ್’

ಹೋದ ತಿಂಗಳು ಇಂಗ್ಲಿಷ್ ತರಗತಿಯಲ್ಲಿ ಒಂದು ಹೊಸ ಪದ ಬಂತು: ‘ಡಿದರ್’. ಮೇಡಂ ಅರ್ಥ ಹೇಳುವ ಮೊದಲು ನಮ್ಮನ್ನೇ ಕೇಳಿದರು. ನಾನು ಹೇಳಲೋ ಬೇಡವೋ ಎಂದು ಅರ್ಧ ಕೈ ಎತ್ತಿ ಮತ್ತೆ ಇಳಿಸಿದೆ. ಮೇಡಂ ನಗುತ್ತಾ, “ನೀನು ಈಗ ಮಾಡಿದೆಯಲ್ಲ, ಅದೇ ಡಿದರ್” ಎಂದರು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಆ ಪದ ತಲೆಯಿಂದ ಹೋಗಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿದೆ, ಉರ್ದು ಸರ್ ಅವರನ್ನು ಕೇಳಿದೆ, ಮನೆಯಲ್ಲೂ ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಡಿದರ್’ ಎಂದರೆ ಯಾವುದೇ ತೀರ್ಮಾನಕ್ಕೆ ಬಾರದೆ ಹೊಯ್ದಾಡುವುದು. ಆದರೆ ಈ ಪದ ಹುಟ್ಟಿದ್ದು ಮನಸ್ಸಿನ ಬಗ್ಗೆ ಹೇಳಲು ಅಲ್ಲ, ಮೈಯ ಬಗ್ಗೆ ಹೇಳಲು. ಇಂಗ್ಲಿಷಿನಲ್ಲಿ 14ನೇ ಶತಮಾನದಷ್ಟು ಹಿಂದೆಯೇ ‘ಡಿಡರ್’ ಎಂಬ ರೂಪವಿತ್ತು. ಅದರ ಅರ್ಥ ನಡುಗುವುದು, ಕಂಪಿಸುವುದು. 17ನೇ ಶತಮಾನದ ಹೊತ್ತಿಗೆ ಅದೇ ‘ಡಿದರ್’ ಆಯಿತು. ಆಗಲೂ ಅರ್ಥ ನಡುಕವೇ. ಚಳಿಗೆ ನಡುಗುವವನು ಡಿದರ್ ಮಾಡುತ್ತಿದ್ದಾನೆ ಎಂದೇ ಜನ ಹೇಳುತ್ತಿದ್ದರು. ಮೈಯ ನಡುಕ ಮನಸ್ಸಿನ ನಡುಕವಾದದ್ದು ಬಹಳ ತಡವಾಗಿ.

ಇಂಗ್ಲಿಷಿನ ಇನ್ನೆರಡು ಪದಗಳ ಕಥೆಯೂ ಹೀಗೆಯೇ. ‘ವ್ಯಾಸಿಲೇಟ್’ ಲ್ಯಾಟಿನ್‌ನಿಂದ ಬಂದದ್ದು. ಮೂಲದಲ್ಲಿ ಅತ್ತಿತ್ತ ತೂಗಾಡುವುದು ಎಂದರ್ಥ. ‘ಹೆಸಿಟೇಟ್’ ಕೂಡ ಲ್ಯಾಟಿನ್ನೇ. ಅಂಟಿಕೊಂಡು ನಿಂತುಬಿಡುವುದು ಅದರ ಮೂಲ ಅರ್ಥ. ನಾವು ಅಂಗಡಿಯಲ್ಲಿ ಕೊಳ್ಳುವ ಅಂಟಿನ ಮೇಲೆ ‘ಅಡ್ಹೆಸಿವ್’ ಎಂದು ಬರೆದಿರುತ್ತದಲ್ಲ, ಅದೂ ‘ಹೆಸಿಟೇಟ್’ ಪದವೂ ಒಂದೇ ಬೇರಿನವು. ಕಾಲು ನೆಲಕ್ಕೆ ಅಂಟಿದಂತೆ ಮಾತು ನಾಲಿಗೆಗೆ ಅಂಟುತ್ತದೆ.

ಕನ್ನಡಕ್ಕೆ ಬರೋಣ. ಕನ್ನಡದಲ್ಲಿ ‘ಹೊಯ್ದಾಟ’ ಇದೆ. ನೀರಿನ ಮೇಲೆ ದೋಣಿ ಹೊಯ್ದಾಡುತ್ತದೆ, ಗಾಳಿಗೆ ದೀಪ ಹೊಯ್ದಾಡುತ್ತದೆ, ಮನಸ್ಸೂ ಹೊಯ್ದಾಡುತ್ತದೆ. ‘ಹಿಂಜರಿಕೆ’ ಎಂದರೆ ಹಿಂದಕ್ಕೆ ಸರಿಯುವುದು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಮೀನ ಮೇಷ ಎಣಿಸುವುದು’.

ಈ ಮಾತನ್ನು ನಾನು ಮೊದಲು ಕೇಳಿದ್ದು ಅಜ್ಜಂಪುರದ ಹತ್ತಿರ ಒಂದು ಹೊಲದಲ್ಲಿ. ನಮ್ಮ ಅಬ್ಬಾ ಈರುಳ್ಳಿ ವ್ಯಾಪಾರಿ. ರೈತರ ಹೊಲಕ್ಕೇ ಹೋಗಿ ಖರೀದಿಸುತ್ತಾರೆ. ನಾನು ಚಿಕ್ಕವನಿದ್ದಾಗ ಒಂದು ಸಲ ಜೊತೆಗೆ ಹೋಗಿದ್ದೆ. ಅಬ್ಬಾ ಗಡ್ಡೆಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ರೇಟು ಹೇಳುತ್ತಿರಲಿಲ್ಲ. ಹೊಲದ ಗೌಡರಿಗೆ ಸಾಕಾಯಿತು. “ಸಾಬ್ರೇ, ಇನ್ನೆಷ್ಟೊತ್ತು ಮೀನ ಮೇಷ ಎಣಿಸ್ತೀರಿ? ತಗೊಳ್ಳೋದಾದ್ರೆ ತಗೊಳ್ಳಿ” ಎಂದರು. ಆಗ ನನಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಮೀನು ಎಂದರೆ ಗೊತ್ತಿತ್ತು. ‘ಮೇಷ’ ಎಂದರೆ ಮೇಷ್ಟ್ರು ಇರಬೇಕು ಎಂದುಕೊಂಡೆ. ಈರುಳ್ಳಿ ಹೊಲದಲ್ಲಿ ಮೀನು ಯಾಕೆ, ಮೇಷ್ಟ್ರು ಯಾಕೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ.

ಮೀನ, ಮೇಷ ಎಂಬುವು ರಾಶಿಗಳು. ರಾಶಿಗಳು ಒಟ್ಟು 12. ಮೇಷ ಮೊದಲನೆಯದು, ಮೀನ ಕೊನೆಯದು. ಒಳ್ಳೆಯ ಗಳಿಗೆ ನೋಡಿ ಹೊರಡುವವರು ಈ ರಾಶಿಗಳ ಲೆಕ್ಕ ಹಾಕುತ್ತಾರೆ. ಆದರೆ ರಾಶಿಚಕ್ರ ಒಂದು ಚಕ್ರ. ಮೀನ ಮುಗಿದರೆ ಮತ್ತೆ ಮೇಷ, ಲೆಕ್ಕಕ್ಕೆ ಕೊನೆಯೇ ಇಲ್ಲ. ಎಣಿಸುತ್ತಾ ಕುಳಿತವನು ಹೊರಡುವುದೇ ಇಲ್ಲ. ಈಗ ಈ ಮಾತನ್ನು ಆಡುವವರಲ್ಲಿ ಹೆಚ್ಚಿನವರಿಗೆ ರಾಶಿಯ ನೆನಪೂ ಇರುವುದಿಲ್ಲ. ಲೆಕ್ಕ ಮರೆತುಹೋಗಿ ತಡ ಮಾತ್ರ ಉಳಿದಿದೆ.

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ಇದಕ್ಕೆ ‘ಶಶ್-ಓ-ಪಂಜ್’ ಎನ್ನುತ್ತಾರೆ. ಶಶ್ ಎಂದರೆ ಆರು, ಪಂಜ್ ಎಂದರೆ ಐದು, ಎರಡೂ ಫಾರಸಿ ಪದಗಳು. ಊರೂರಿನ ಮೊಹರಂನಲ್ಲಿ ಎತ್ತುವ ಪಂಜಾ ಎಲ್ಲರಿಗೂ ಗೊತ್ತು. ಐದು ಬೆರಳಿನ ಆ ಕೈಗೂ ಇದೇ ಪಂಜ್‌ನಿಂದ ಹೆಸರು ಬಂದಿದೆ. ಶಶ್-ಓ-ಪಂಜ್ ಹುಟ್ಟಿದ್ದು ದಾಳದ ಆಟದಲ್ಲಿ. ಆರು ಬೀಳುತ್ತದೋ ಐದು ಬೀಳುತ್ತದೋ ಎಂಬ ಒದ್ದಾಟ ಅದು. ಇನ್ನೊಂದು ಮಾತು ‘ಪಸ್-ಓ-ಪೇಶ್’. ಪಸ್ ಎಂದರೆ ಹಿಂದೆ, ಪೇಶ್ ಎಂದರೆ ಮುಂದೆ. ಕನ್ನಡದವರು ‘ಹಿಂದೆ ಮುಂದೆ ನೋಡುತ್ತಾನೆ’ ಎನ್ನುವುದೂ ಇದನ್ನೇ. ಮೂರನೆಯದು ‘ತಜಬ್ಜುಬ್’. ಇದು ಅರಬ್ಬಿಯಿಂದ ಬಂದ ಪದ, ತೂಗಾಡುವುದು ಇದರ ಮೂಲ. ಇದೇ ಬೇರಿನ ಇನ್ನೊಂದು ಪದವನ್ನು ಇಂದಿನ ಅರಬ್ಬಿಯಲ್ಲಿ ವಿಜ್ಞಾನದವರು ಕಂಪನಕ್ಕೆ ಬಳಸುತ್ತಾರೆ. ಒಟ್ಟಿನಲ್ಲಿ ಎಲ್ಲ ಭಾಷೆಗಳೂ ನಡುಗುವುದು, ತೂಗುವುದು, ಅಂಟುವುದು, ಎಣಿಸುವುದು ಮುಂತಾದ ಕಣ್ಣಿಗೆ ಕಾಣುವ ಕೆಲಸಗಳನ್ನು ತೆಗೆದುಕೊಂಡು ಕಣ್ಣಿಗೆ ಕಾಣದ ಮನಸ್ಸಿಗೆ ಹೆಸರು ಕೊಟ್ಟಿವೆ.

‘ಡಿದರ್’ ಈಗ ಬೈಗುಳದ ಹಾಗೆಯೂ ಬಳಕೆಯಲ್ಲಿದೆ. 2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅಫ್ಘಾನಿಸ್ತಾನಕ್ಕೆ ಹೆಚ್ಚು ಸೇನೆ ಕಳಿಸಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಿದ್ದರು. ಮಾಜಿ ಉಪಾಧ್ಯಕ್ಷ ಡಿಕ್ ಚೇನಿ ಅದನ್ನು ಟೀಕಿಸಲು ಬಳಸಿದ್ದು ಇದೇ ಪದವನ್ನು. ಒಬಾಮ ಕಡೆಯವರು ಅದು ಎಚ್ಚರದ ಆಲೋಚನೆ ಎಂದರು. ಒಬ್ಬರಿಗೆ ಆಲೋಚನೆಯಾಗಿ ಕಂಡದ್ದು ಇನ್ನೊಬ್ಬರಿಗೆ ಡಿದರ್ ಆಗಿ ಕಂಡಿತು.

ಆದರೆ ಕಂಪ್ಯೂಟರ್ ಲೋಕದಲ್ಲಿ ಈ ಪದಕ್ಕೆ ಒಳ್ಳೆಯ ಹೆಸರಿದೆ. ಕಪ್ಪು, ಬಿಳುಪು ಎರಡೇ ಗೊತ್ತಿರುವ ಯಂತ್ರದಲ್ಲಿ ಬೂದು ಬಣ್ಣದ ಫೋಟೋ ಮುದ್ರಿಸಬೇಕು ಎಂದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಕಪ್ಪಿದ್ದರೆ ಕಪ್ಪು, ಕಡಿಮೆಯಿದ್ದರೆ ಬಿಳುಪು ಎಂದು ಪ್ರತಿ ಚುಕ್ಕೆಯನ್ನೂ ಒಂದೇ ನಿಯಮದಿಂದ ತೀರ್ಮಾನಿಸಿದರೆ ಮುಖ ಹೋಗಿ ಕಲೆಗಳಷ್ಟೇ ಉಳಿಯುತ್ತವೆ. ಅದರ ಬದಲು ತೀರ್ಮಾನಕ್ಕೆ ಮೊದಲು ಪ್ರತಿ ಚುಕ್ಕೆಯನ್ನೂ ಸ್ವಲ್ಪ ಅಲುಗಿಸುತ್ತಾರೆ. ಆಗ ಮೂವತ್ತು ಪಾಲು ಕಪ್ಪಿರುವ ಜಾಗದಲ್ಲಿ ನೂರಕ್ಕೆ ಸುಮಾರು ಮೂವತ್ತು ಚುಕ್ಕೆಗಳು ಕಪ್ಪಾಗುತ್ತವೆ. ದೂರದಿಂದ ನೋಡಿದರೆ ತಿಳಿ ಬೂದು ಕಾಣುತ್ತದೆ. ಚಿತ್ರಕ್ಕೆ ಹೀಗೆ ಅಲುಗಾಟ ಸೇರಿಸುವ ಬಗ್ಗೆ ಲಾರೆನ್ಸ್ ರಾಬರ್ಟ್ಸ್ 1962ರಲ್ಲೇ ಪ್ರಬಂಧ ಬರೆದಿದ್ದರು. ಈ ಕೆಲಸಕ್ಕೆ ಇಂದು ‘ಡಿದರಿಂಗ್’ ಎಂದೇ ಹೆಸರು. ಅಂದರೆ ಸ್ವಲ್ಪ ನಡುಕ ಚಿತ್ರವನ್ನು ಸ್ಪಷ್ಟ ಮಾಡುತ್ತದೆ. ಆದರೆ ಒಂದು ವಿಷಯ ಗಮನಿಸಿ. ಅಲ್ಲೂ ನಡುಕ ಇರುವುದು ತೀರ್ಮಾನಕ್ಕೆ ಮೊದಲು ಮಾತ್ರ. ಕೊನೆಗೆ ಪ್ರತಿ ಚುಕ್ಕೆಯೂ ಕಪ್ಪೋ ಬಿಳುಪೋ ಆಗಲೇಬೇಕು.

ಹಾಗಾದರೆ ಎಲ್ಲಿಯವರೆಗೆ ಯೋಚನೆ, ಎಲ್ಲಿಂದ ಮೀನ ಮೇಷ? ಇದಕ್ಕೆ ಉತ್ತರ ನಮ್ಮ ಮೂರು ತಾಲ್ಲೂಕುಗಳಲ್ಲೇ ಇದೆ. ತರೀಕೆರೆಯ ಅಡಿಕೆ ಬೆಳೆಗಾರರು ರೇಟು ಬಿದ್ದರೆ ಒಣಗಿದ ಅಡಿಕೆಯನ್ನು ಮೂಟೆ ಕಟ್ಟಿಟ್ಟು ಕಾಯುತ್ತಾರೆ. ಕಡೂರಿನ ಕೊಬ್ಬರಿಯನ್ನೂ ಅಟ್ಟದ ಮೇಲೆ ಇಟ್ಟು ಕಾಯಬಹುದು. ಅಜ್ಜಂಪುರದ ಈರುಳ್ಳಿಯನ್ನು ಹಾಗೆ ಇಡಲಾಗುವುದಿಲ್ಲ. ಕಿತ್ತ ಮೇಲೆ ಮಳೆ ಹಿಡಿದರೆ ಕೊಳೆಯುತ್ತದೆ. ಅಡಿಕೆಯವರ ಕಾಯುವಿಕೆ ಜಾಣತನ, ಈರುಳ್ಳಿಯವರ ಕಾಯುವಿಕೆ ನಷ್ಟ. ಅರ್ಥಶಾಸ್ತ್ರದಲ್ಲಿ ನಾವು ಓದಿದ ‘ಅವಕಾಶ ವೆಚ್ಚ’ ಇದೇ. ಒಂದನ್ನು ಆರಿಸಿದರೆ ಕೈಬಿಟ್ಟ ಇನ್ನೊಂದು ಅದರ ಬೆಲೆ. ಏನನ್ನೂ ಆರಿಸದೆ ಕುಳಿತರೆ ಬೆಲೆ ಇಲ್ಲ ಎಂದುಕೊಳ್ಳುತ್ತೇವೆ. ಆಗಲೂ ಬೆಲೆ ಇದೆ, ಅದರ ಬಿಲ್ಲು ತಡವಾಗಿ ಬರುತ್ತದೆ ಅಷ್ಟೆ.

ನಮ್ಮ ಮನೆಗೆ ಆ ಬಿಲ್ಲು ಬಂದಿದೆ. ನನ್ನ ಆಪಾ ಎರಡು ವರ್ಷದ ಹಿಂದೆ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಬಿ.ಕಾಂ. ಸೇರುತ್ತೇನೆ ಎಂದಳು. ಅಬ್ಬಾ ಬೇಡ ಎನ್ನಲಿಲ್ಲ, ಹ್ಞೂಂ ಎಂದೂ ಹೇಳಲಿಲ್ಲ. “ದೇಖೇಂಗೆ” ಎಂದರು. ಅಮ್ಮಿಯೂ “ದೇಖೇಂಗೆ” ಎಂದರು. ಬಸ್ಸಿನ ಮಾತು, ಹಾಸ್ಟೆಲ್ ಮಾತು, ಖರ್ಚಿನ ಮಾತು ಎಲ್ಲ ಬಂತು. ನೋಡೋಣ ನೋಡೋಣ ಎನ್ನುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದುಹೋಯಿತು. ಯಾರೂ ತೀರ್ಮಾನ ಮಾಡಲಿಲ್ಲ, ಆದರೂ ತೀರ್ಮಾನವಾಗಿತ್ತು. ಈಗ ಅವಳು ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಅಬ್ಬಾರ ಲೆಕ್ಕದ ಪುಸ್ತಕ ಬರೆಯುತ್ತಾಳೆ.

ಈ ಲೇಖನದ ಕರಡನ್ನು ನಾನು ಅಬ್ಬಾರಿಗೆ ಉರ್ದುವಿನಲ್ಲಿ ಓದಿ ಹೇಳಿದೆ. ಗೌಡರ ಮಾತಿಗೆ ನಕ್ಕರು. ಆಪಾಳ ವಿಷಯ ಬಂದಾಗ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಈರುಳ್ಳಿಗೆ ನಾನು ಯಾವತ್ತೂ ಅಷ್ಟು ದಿನ ತಗೊಂಡಿಲ್ಲ” ಎಂದರು. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಿಂದಲೇ ಬಿ.ಕಾಂ. ಓದಬಹುದು ಎಂದು ಆಪಾ ಹೇಳಿದಳು. ಅಬ್ಬಾ ಈ ಸಲ “ದೇಖೇಂಗೆ” ಎನ್ನಲಿಲ್ಲ. “ಇತ್ವಾರ್ ತಕ್ ಬೋಲ್ತೂಂ” ಎಂದರು. ಭಾನುವಾರದೊಳಗೆ ಹೇಳುತ್ತೇನೆ ಎಂದರ್ಥ.

ಗೆಳೆಯರೇ, ಪಿಯುಸಿ ಮುಗಿದ ಮೇಲೆ ಏನು ಎಂಬ ಪ್ರಶ್ನೆ ನಮಗೆಲ್ಲರಿಗೂ ಇದೆ. ದೊಡ್ಡವರನ್ನು ಕೇಳೋಣ, ಉಪನ್ಯಾಸಕರನ್ನು ಕೇಳೋಣ, ಬೇಕಾದರೆ ಸ್ವಲ್ಪ ನಡುಗೋಣ. ಅದರಲ್ಲಿ ತಪ್ಪಿಲ್ಲ. ಆದರೆ ಯೋಚನೆಗೂ ಒಂದು ಕೊನೆಯ ದಿನ ಗೊತ್ತು ಮಾಡಿಕೊಳ್ಳೋಣ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆಪಾ ಆ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ